ಗಂಟಿನೊಳಗಿನ ಕತ್ತರಿ

ದಾಬಸ್‌ಪೇಟೆಯ ಕಾರ್ಖಾನೆಯೊಂದರ ಯೂನಿಕ್ಸ್ ಕಂಪ್ಯೂಟರಿಗೆ ಸಂಜೆಯೊಳಗೆ ಹೊಸ ಪ್ರೋಗ್ರಾಮು ಹಾಕಬೇಕಿತ್ತು. ಫ್ಲಾಪಿಯಲ್ಲಿ ಹಿಡಿಸಲು ಅದನ್ನು ಜಿಜಿಪ್ ಅನ್ನೋ ಸಾಫ್ಟ್‌ವೇರಿನಿಂದ ಕುಗ್ಗಿಸಿ ತಂದಿದ್ದೆ. ಬಿಚ್ಚೋಕೂ ಜಿಜಿಪ್ಪೇ ಬೇಕು. ಅಲ್ಲಿ ಅದೇ ಇಲ್ಲ!

"ತಂದಿದ್ದೀನಿ ಬಿಡಿ" ಅಂತ ಜಂಬದಿಂದ ಇನ್ನೊಂದು ಫ್ಲಾಪಿ ತುರುಕಿದೆ. ನೋಡಿದರೆ, ಅಭ್ಯಾಸಬಲದಿಂದ ಜಿಜಿಪ್ಪನ್ನೂ ಕುಗ್ಗಿಸಿಬಿಟ್ಟಿದ್ದೆ.

ಪಕ್ಕದಲ್ಲಿದ್ದ ಸ್ಟೋರ್ಸ್ ರಾಮಣ್ಣ ದೊಡ್ಡಬಳ್ಳಾಪುರದ ನೇಕಾರರ ಮನೆಯವರು. ವಿಷಯ ಕೇಳಿ ನಕ್ಕರು. "ನಮ್ಮಪ್ಪನೂ ಹಿಂಗೇ ಗುರು, ಕತ್ತರಿ ಒಳಗೇ ಬಿಟ್ಟು ಸೀರೆ ಗಂಟು ಹೊಲಿದ್ಬಿಡೋರು."

"ಆಮೇಲೆ?"

"ಇನ್ನೇನು, ಪಕ್ಕದ ಮನೆ ಕತ್ತರಿ!"

ಎದ್ದು ಜಿಜಿಪ್ ಕೇಳೋಕೆ ಪಕ್ಕದ ಕಾರ್ಖಾನೆಗೆ ಹೋದೆ. ಅಲ್ಲಿನ ಇಂಜಿನಿಯರ್ ಒಳ್ಳೇ ಮನುಷ್ಯ. ನನ್ನ ಫ್ಲಾಪಿ ಇಸ್ಕೊಂಡು ಬಹಳ ವಿನಯದಿಂದ ಕೇಳಿದ: "ಜಾಗ ಉಳಿಯುತ್ತೆ ಸಾರ್, ಕುಗ್ಗಿಸಿಯೇ ಕೊಡ್ಲಾ?"