ಹಟ್ಟಿಕೇರಿಯ ಸತು, ನಮ್ಮೂರ ಮೂಗು

ಮೊನ್ನೆ ಕೇಕಿಗೆಂದು ಒಡೆದ ಮೊಟ್ಟೆ ಕೆಟ್ಟುಹೋಗಿತ್ತು. ಬೇರೆಯವರಾಗಿದ್ದರೆ ಮುಖ ಸಿಂಡರಿಸಿ ಚೆಲ್ಲುತ್ತಿದ್ದರು. ನಾನು ಬಟ್ಟಲಿನ ಮೇಲೆ ಬಗ್ಗಿ ಇನ್ನೊಮ್ಮೆ ಮೂಸಿದೆ, ನಗು ಬಂತು. ನೀವು ನನ್ನನ್ನು ಹುಚ್ಚಿ ಎಂದುಕೊಳ್ಳುವ ಮೊದಲು ಶಾಲಿನಿಯ ವಿಷಯ ಹೇಳಿಬಿಡುತ್ತೇನೆ.

ಎಂಬತ್ತರ ದಶಕದ ಕೊನೆಯ ಮಾತು. ಹಬ್ಬುವಾಡದ ನಮ್ಮ ಮನೆಯ ಹೊರಕೋಣೆಗೆ ಬಾಡಿಗೆಗೆ ಬಂದಿದ್ದ ಶಾಲಿನಿ ಭೂವಿಜ್ಞಾನಿ. ಕಾನ್ವೆಂಟಿನ ಸಿಸ್ಟರುಗಳು ನನಗೆ ಕಲಿಸಿದ್ದು ಕಸೂತಿ, ಪ್ರಾರ್ಥನೆ ಮತ್ತು ಕಾಲು ಜೋಡಿಸಿ ಕೂರುವುದು. ಅವಳೋ ಸೊಂಟಕ್ಕೆ ಸುತ್ತಿಗೆ ಸಿಕ್ಕಿಸಿಕೊಂಡು ಗುಡ್ಡ ಹತ್ತುವವಳು. ಸಂಜೆ ನನ್ನ ಅಡುಗೆಮನೆಯ ಕಟ್ಟೆಯ ಮೇಲೆ ಕೂತು, ಹಟ್ಟಿಕೇರಿ ಗುಡ್ಡದ ಹಸಿರು ಬಂಡೆ ಒಂದು ಕಾಲದಲ್ಲಿ ಸಮುದ್ರದಡಿ ಉಕ್ಕಿದ ಲಾವಾ ಎಂದು ವಿವರಿಸುತ್ತಿದ್ದಳು.

"ಆ ಬಿಸಿಗೆ ಕುದ್ದ ನೀರು ಸತು, ಗಂಧಕ ಎಲ್ಲ ಹೊತ್ತು ತಂದು ಬಿರುಕುಗಳಲ್ಲಿ ಬಿಟ್ಟು ಹೋಗಿರ್ತದೆ, ಅಕ್ಕಾ."

"ಸಾರು ತಳ ಹಿಡಿದ ಹಾಗಾ?"

"ಹಾಗೇ ಅಂದ್ಕೊಳ್ಳಿ," ಎಂದು ನಗುತ್ತಿದ್ದಳು.

ಆದರೆ ಸತು ಸಿಗಬೇಕಲ್ಲ! ಯಂತ್ರ ಕೊರೆದು ತೆಗೆದ ಕಲ್ಲಿನ ತುಂಡುಗಳು ಕಬ್ಬಿನ ಗೆಣ್ಣಿನಂತೆ ಉದ್ದುದ್ದ ಪೆಟ್ಟಿಗೆಗಳಲ್ಲಿ ಸಾಲಾಗಿ ಮಲಗಿದ್ದವು, ಎಲ್ಲವೂ ಬರೀ ಹಸಿರು. ಮೇ ತಿಂಗಳಲ್ಲಿ ಅವಳ ಮೇಲಧಿಕಾರಿ ಧಾರವಾಡದಿಂದ ಲಾರಿಯೊಂದಿಗೇ ಬಂದರು. ಮಳೆಗೆ ಮೊದಲು ಯಂತ್ರ ಬಿಚ್ಚಿ ಸಾಗಿಸುವುದು, ಈ ಗುಡ್ಡವನ್ನು ಕೈಬಿಡುವುದು ಎಂದು ತೀರ್ಮಾನವಾಗಿತ್ತು. ಶಾಲಿನಿ ಸ್ವತಃ ಹುಡುಕಿದ ಮೊದಲ ಜಾಗವದು.

ಆ ದಿನ ಊಟದ ಡಬ್ಬಿ ಹಿಡಿದು ನಾನೂ ಅಲ್ಲಿಗೆ ಹೋದೆ. ಬೆಳಿಗ್ಗೆಯಷ್ಟೇ ಮೇಲೆ ಬಂದ ತುಂಡಿನಲ್ಲಿ ಬೆರಳಗಲದ ಕಂದು ಗೆರೆಯೊಂದಿತ್ತು. ದೋಣಿಗೆ ಬಳಿಯುವ ರಾಳದ ಹಾಗೆ ಹೊಳಪು. ಶಾಲಿನಿಯ ಕಣ್ಣೂ ಹಾಗೇ ಹೊಳೆಯುತ್ತಿತ್ತು. ಅದನ್ನು ಗೀರಿದರೆ ತಿಳಿಹಳದಿ ಪುಡಿ. ಪುಡಿಗೆ ಆ್ಯಸಿಡ್ ಹನಿ ಬಿದ್ದಾಗ ಕೆಟ್ಟ ಮೊಟ್ಟೆಯ ವಾಸನೆ ಬಂದರೆ ಸತುವಿನ ಅದಿರು ಎಂದೇ ಲೆಕ್ಕ. ಲ್ಯಾಬಿನ ಉತ್ತರಕ್ಕೆ ವಾರಗಟ್ಟಲೆ ಕಾಯಬೇಕು, ಲಾರಿಯೋ ಬಾಗಿಲಲ್ಲಿ ನಿಂತಿದೆ.

ಶಾಲಿನಿ ಹನಿ ಬಿಟ್ಟ ಪುಡಿಯನ್ನು ಅಧಿಕಾರಿಗಳು ಮೂಸಿ, ಕರವಸ್ತ್ರ ಮೂಗಿಗೊತ್ತಿಕೊಂಡು ಹಿಂದೆ ಸರಿದರು. "ಏನ್ರೀ ಇದು, ಬರೇ ಮೀನಿನ ವಾಸನಿ!"

ಅವರ ತಪ್ಪಲ್ಲ. ಬೇಲೆಕೇರಿಯಿಂದ ಕೂಲಿಗೆ ಬರುತ್ತಿದ್ದ ಹೆಂಗಸರು ಪೆಟ್ಟಿಗೆಗಳಲ್ಲಿನ ಕಲ್ಲಿನ ಮೇಲೆಲ್ಲ ಶೆಟ್ಲಿ ಹರವಿಟ್ಟಿದ್ದರು. ಕಾದ ಕಲ್ಲಿನ ಮೇಲೆ ಈ ಸಣ್ಣ ಸೀಗಡಿ ಎರಡೂ ಬದಿಯಿಂದ ಗರಿಗರಿಯಾಗಿ ಒಣಗುತ್ತದಂತೆ. ಮಳೆಗಾಲಕ್ಕೆ ಮೀನು ಒಣಗಿಸುವ ದಿನಗಳಲ್ಲಿ ನಮ್ಮ ಕಡೆ ಖಾಲಿ ಜಾಗವೆಂಬುದೇ ಇರುವುದಿಲ್ಲ.

"ನಂಗೆ ಬರ್ತಾ ಇದೆ ಸರ್, ಸರಿಯಾಗಿ ಬರ್ತಾ ಇದೆ," ಎಂದಳು ಶಾಲಿನಿ.

"ನಿಮಗ ಬರೋದು ಬಿಡ್ರೀ. ಬರಬೇಕು ಅಂತ ಕಾಯ್ಕೊಂಡು ಕೂತೀರಿ."

ಅವಳ ಮುಖ ಬಾಡಿತು. ನನಗೆ ಎಲ್ಲಿಂದ ಧೈರ್ಯ ಬಂತೋ! "ಸರ್, ಮೇನಲ್ಲಿ ನಮಗೆ ಒಣಮೀನು ಅನ್ನೋದು ವಾಸನೆಯೇ ಅಲ್ಲ, ಬರೀ ಗಾಳಿ. ನಮ್ಮ ಮೂಗನ್ನು ಕೇಳಿ ನೋಡಿ," ಎಂದುಬಿಟ್ಟೆ.

ಒಳ್ಳೆಯ ಮನುಷ್ಯ. ನಕ್ಕರು, ಆದರೆ ಪರೀಕ್ಷೆಯನ್ನು ಬಿಗಿಯಾಗಿಯೇ ಇಟ್ಟರು. ಎರಡು ತಟ್ಟೆ, ಒಂದರಲ್ಲಿ ಕಂದು ಗೆರೆಯ ಪುಡಿ, ಇನ್ನೊಂದರಲ್ಲಿ ಬರೀ ಹಸಿರು ಕಲ್ಲಿನದು. ಎರಡಕ್ಕೂ ಆ್ಯಸಿಡ್ ಹನಿ. ಒಬ್ಬೊಬ್ಬರನ್ನೇ ಕರೆದು, ಕಣ್ಣಿಗೆ ತಮ್ಮ ಕರವಸ್ತ್ರವನ್ನೇ ಕಟ್ಟಿ, ತಟ್ಟೆಗಳನ್ನು ಅದಲುಬದಲು ಮಾಡಿ ಹಿಡಿದರು. ಕರವಸ್ತ್ರ ಕೈಬಿಟ್ಟ ಅವರ ಪಾಡು ನೋಡಲಾಗುತ್ತಿರಲಿಲ್ಲ.

ಮೊದಲು ಬಂದವಳು ಕೂಲಿಯ ಗುಲಾಬಿ. "ಮಾಂಸ ಮೀನು ಮೂಸ್ದದ್ದುಂಟು, ಕಲ್ಲು ಮೂಸುದು ಇದೇ ಮೊದ್ಲು ಸಾಹೇಬ್ರೆ," ಎಂದವಳೇ ತಲೆ ಹಿಂದಕ್ಕೆಳೆದಳು. "ಥೂ, ಇದ್ರಲ್ಲಿ ಕೆಟ್ಟ ತತ್ತಿ!"

"ಇನ್ನೊಂದರೊಳಗ?"

"ಎಂತದೂ ಇಲ್ಲ."

"ಮೀನಿನ ವಾಸನಿ?"

"ಎಲ್ಲುಂಟು ಮೀನು?" ಗುಲಾಬಿಗೆ ನಿಜವಾಗಿಯೂ ಆಶ್ಚರ್ಯ.

ಅವಳ ಜೊತೆಗಾತಿ ನಾಗಿಯೂ ಅದೇ ತಟ್ಟೆ ತೋರಿಸಿದಳು. ಕೊನೆಗೆ ನಾನು. ಕತ್ತಲೆಯಲ್ಲಿ ಮೊದಲ ತಟ್ಟೆ ಬಂತು, ಏನೂ ಇಲ್ಲ. ಎರಡನೆಯದು ಬಂತು. ಅಬ್ಬಾ, ಅಂಥ ದುರ್ವಾಸನೆಗೆ ಜೀವಮಾನದಲ್ಲಿ ಅಷ್ಟು ಖುಷಿಪಟ್ಟಿಲ್ಲ! "ಇದೇ, ಇದೇ!" ಎಂದು ಕಿರುಚಿದೆ. ಸಿಸ್ಟರುಗಳು ಕೇಳಿದ್ದರೆ ಮೂಲೆಯಲ್ಲಿ ನಿಲ್ಲಿಸುತ್ತಿದ್ದರು.

ಅಧಿಕಾರಿಗಳು ನನ್ನ ಕಣ್ಣಿನ ಕರವಸ್ತ್ರ ಬಿಚ್ಚಿ ತಮ್ಮ ಮೂಗಿಗೊತ್ತಿಕೊಂಡರು. ಆಮೇಲೆ ಡ್ರೈವರನ ಕಡೆ ತಿರುಗಿ, "ಲಾರಿ ಖಾಲಿ ಹೋಗಲಿ. ಯಂತ್ರ ಇಲ್ಲೇ ಇರ್ತದ," ಎಂದರು.

ಯಂತ್ರ ಮತ್ತೆ ಗುಡುಗಿತು. ಸಂಜೆಯ ಹೊತ್ತಿಗೆ ಮೇಲೆ ಬಂದ ತುಂಡು ತುದಿಯಿಂದ ತುದಿಗೆ ಕಂದು, ಬಿಸಿಲಿಗೆ ಮಿರಮಿರ ಮಿಂಚಿತು. ಗುಲಾಬಿ ಬೊಗಸೆ ಶೆಟ್ಲಿಯನ್ನು ಶಾಲಿನಿಯ ಸೆರಗಿಗೆ ಸುರಿದು, "ತಿನ್ನಿ ಅಕ್ಕೋರೆ, ಕಲ್ಲಿನ ಮೇಲೆ ಒಣಗಿದ್ದು, ರುಚಿ ಬೇರೆಯೇ!" ಎಂದಳು. ಶಾಲಿನಿ ಅಳುತ್ತ ನಗುತ್ತ ನನ್ನನ್ನು ತಬ್ಬಿಕೊಂಡಳು. ಲ್ಯಾಬಿನವರೂ ಆಮೇಲೆ ಸತು ಎಂದೇ ಬರೆದರು.

ಅಲ್ಲಿ ಗಣಿಯೇನೂ ಆಗಲಿಲ್ಲ, ಅದಿರು ಅಷ್ಟಿರಲಿಲ್ಲವಂತೆ. ಅದರಿಂದೇನು? ಇದೆ ಎಂದಿದ್ದಳು, ಇತ್ತು.

ಹೋದ ವಾರ ಅಂಕೋಲಾಕ್ಕೆ ಬಸ್ಸಿನಲ್ಲಿ ಹೋಗುವಾಗ, ಹಟ್ಟಿಕೇರಿಯ ಹತ್ತಿರ ಮುಂದಿನ ಸೀಟಿನ ಹುಡುಗಿ, "ಏನು ವಾಸನೆ!" ಎಂದು ಕಿಟಕಿಯ ಗಾಜು ಎಳೆದುಕೊಂಡಳು. ನನಗೆ ಬರೀ ಗಾಳಿ ಬರುತ್ತಿತ್ತು. ನನ್ನ ಗಾಜನ್ನು ಪೂರ್ತಿ ಸರಿಸಿ ಆ ಗುಡ್ಡವನ್ನು ಕಣ್ತುಂಬ ನೋಡಿದೆ. ಅದರ ಹೊಟ್ಟೆಯಲ್ಲಿ ಏನಿದೆಯೆಂದು ಮೊದಲು ಸಾಕ್ಷಿ ಹೇಳಿದ ಮೂವರಲ್ಲಿ ನಾನೂ ಒಬ್ಬಳು.