ಒಳಮಗ್ಗುಲು

ಹರಿದ ಬಟ್ಟೆ ರಫು ಮಾಡುವುದು ಅವನ ಕಸುಬು. ಹೊಸ ದಾರ ಮುಟ್ಟುತ್ತಿರಲಿಲ್ಲ. ಅದೇ ಬಟ್ಟೆಯ ಅಂಚಿನ ಮಡಿಕೆ ಬಿಚ್ಚಿ, ಅಲ್ಲಿಂದ ಎಳೆ ತೆಗೆದು, ಹರಿದ ಕಡೆ ನೇಯುತ್ತಿದ್ದ. ಸೂಜಿ ಹಿಡಿಯುವ ಮೊದಲು ಬಟ್ಟೆ ತಿರುಗಿಸಿ ಒಳಮಗ್ಗುಲು ನೋಡುತ್ತಿದ್ದ. ಪಕ್ಕದಲ್ಲೇ ಕೂತು ಕೆಲಸ ಕಲಿಯುತ್ತಿದ್ದ ಮಗಳು ನೋಡದೆ ಸೂಜಿ ಇಳಿಸಿದರೆ, "ಕಣ್ಣೇನು ಬಾಡಿಗೆಗೆ ಕೊಟ್ಟಿದ್ದೀಯಾ? ಒಳಗೆಷ್ಟು ಹರಿದಿದೆ ನೋಡು ಮೊದಲು" ಎನ್ನುತ್ತಿದ್ದ.

ನಲವತ್ತೊಂಬತ್ತಕ್ಕೆ ಕ್ಯಾನ್ಸರ್ ಬಂತು. ಅವನ ಅಪ್ಪನಿಗೂ ಬಂದಿತ್ತು. ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿ, ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿ ಹೇಳಿದರು.

"ಮೈಯ ಒಂದೊಂದು ಜೀವಕೋಶದಲ್ಲೂ ಡಿಎನ್‌ಎ ಅನ್ನೋ ಎಳೆ ಇದೆ. ಸಣ್ಣ ಸಣ್ಣ ರೀಲಿಗೆ ಸುತ್ತಿಟ್ಟ ಹಾಗೆ ಬಿಗಿಯಾಗಿರುತ್ತೆ. ದಿನಾ ಎಲ್ಲಾದ್ರೂ ತುಂಡಾಗುತ್ತೆ. ಸುತ್ತು ಸಡಿಲ ಮಾಡೋಕೆ ಒಬ್ಬ ಆಳು, ಜೋಡಿಸೋಕೆ ಇನ್ನೊಬ್ಬ ಅಂದ್ಕೊಳ್ಳಿ. ಗಡ್ಡೆ ಬೆಳೆಯದ ಹಾಗೆ ಕಾಯೋರು ಇವರೇ. ನಿಮ್ಮಲ್ಲಿ ಸಡಿಲ ಮಾಡೋನು ಹುಟ್ಟಿನಿಂದಲೇ ಕುಂಟು."

"ಬಿಗಿ ಇದ್ರೆ ಸೂಜಿ ಎಲ್ಲಿ ಇಳಿಯುತ್ತೆ, ಡಾಕ್ಟ್ರೇ" ಎಂದ ಅವನು. "ಒಳಗೂ ನಮ್ಮ ಕಸುಬೇ. ಆಳು ಮಾತ್ರ ಮೈಗಳ್ಳ."

ಡಾಕ್ಟರಮ್ಮ ನಗಲಿಲ್ಲ. "ಈ ಕುಂಟು ಮಗಳಿಗೂ ಬಂದಿರಬಹುದು, ಬರದೇನೂ ಇರಬಹುದು. ಅರ್ಧಕ್ಕರ್ಧ. ಪರೀಕ್ಷೆ ಮಾಡಿಸಿ. ಗೊತ್ತಿದ್ರೆ ವರ್ಷ ವರ್ಷ ನೋಡ್ತಾ ಇರಬಹುದು, ಗಡ್ಡೆ ಬಂದ್ರೂ ಶುರುವಲ್ಲೇ ಹಿಡೀಬಹುದು."

ಮೆಟ್ಟಿಲಿಳಿಯುವಾಗ ಅವನು, "ಅವಳಿಗೆ ಈಗಲೇ ಬೇಡ ಕಣೇ. ನಾನು ಹುಷಾರಾಗ್ತೀನಿ, ಆಮೇಲೆ ಹೇಳೋಣ" ಎಂದ. ಹೆಂಡತಿ ಹೂಂ ಎಂದಳು. ಜೀವಮಾನವೆಲ್ಲ ಒಳಮಗ್ಗುಲು ನೋಡಿದವನು ಇದೊಂದನ್ನು ಮೇಲಿಂದಲೇ ಮುಚ್ಚಿದ. ಅವಳೂ ಸೇರಿ ಮುಚ್ಚಿದಳು.

ಎಂಟು ತಿಂಗಳಿಗೆ ಅವನು ಹೋದ. ಎರಡು ವರ್ಷವಾಯಿತು. ಅವನ ಮಣೆಯ ಮೇಲೆ ಈಗ ಮಗಳು ಕೂರುತ್ತಾಳೆ. ಹೇಳಬೇಕಾದ ಮಾತನ್ನು ತಾಯಿ ದಿನವೂ ನಾಳೆಗೆಂದು ಮುಂದೂಡುತ್ತಿದ್ದಳು.

ಕಳೆದ ವಾರ ಮಗಳು ಒಂದು ಕೋಟು ತಿರುಗಿಸಿ ಹಿಡಿದಳು. "ನೋಡಮ್ಮ, ಮೇಲೆ ಉಗುರಿನಷ್ಟು. ಒಳಗೆ ಅಂಗೈಯಗಲ."

ತಾಯಿ ನಿಂತಲ್ಲೇ ಎಲ್ಲ ಹೇಳಿಬಿಟ್ಟಳು.

ಮಗಳು ಕೋಟು ಕೆಳಗಿಟ್ಟಳು. "ಯಾವಾಗಿಂದ ಗೊತ್ತು?"

"ಅಪ್ಪ ಇದ್ದಾಗಿಂದ."

"ಕಣ್ಣು ಬಾಡಿಗೆಗೆ ಕೊಟ್ಟಿದ್ದೀಯಾ ಅಂತ ನನ್ನ ಬೈತಿದ್ದ. ಅಪ್ಪ ಹೆದರಿದ ಅಂತಾನೇ ಇಟ್ಕೋ. ನಿಂಗೇನಾಗಿತ್ತಮ್ಮ?"

"ನಂಗೂ ಅದೇ."

ಮಗಳು ಕೋಟನ್ನು ಮಡಿಲಿಗೆಳೆದುಕೊಂಡಳು. ಅಂಚು ಬಿಚ್ಚಿ ಎಳೆ ತೆಗೆದಳು. "ಸೋಮವಾರ ಹೋಗೋಣ. ಡಾಕ್ಟ್ರು ಏನು ಹೇಳ್ತಾರೋ ನಂಗೇ ಹೇಳಲಿ. ನೀನು ಹೂಂ ಅನ್ನಬೇಡ."

ರಕ್ತ ಕೊಟ್ಟು ಬಂದಿದ್ದಾರೆ. ಪರೀಕ್ಷೆಯ ಕಾಗದ ಬರಲು ಮೂರು ವಾರ ಬೇಕಂತೆ. ಬಟ್ಟೆಯ ವಿಷಯ ಬಿಟ್ಟರೆ ಮಗಳು ತಾಯಿಯ ಜೊತೆ ಬೇರೆ ಮಾತಾಡುತ್ತಿಲ್ಲ.