ಗದ್ವಾಲಿನ ಅತ್ತೆಯ ಹಾಡಿನ ವಹಿ

ರಾಯಚೂರಿನಿಂದ ಗದ್ವಾಲಿಗೆ ಕೆ.ಟಿ. ದೊಡ್ಡಿ ಮೇಲೆ ನೆಟ್ಟಗಿನ ದಾರಿಯಿದೆ. ನಾನು ಅದನ್ನು ಬಿಟ್ಟು ಮಕ್ತಲ್, ನಾರಾಯಣಪೇಟೆ ಸುತ್ತಿಕೊಂಡು ಹೋದೆ. ಗದ್ವಾಲಿನಲ್ಲಿರುವ ನನ್ನ ಸೋದರತ್ತೆ ತುಳಸಮ್ಮನಿಗೆ ನಾರಾಯಣಪೇಟೆಯ ಚೌಕಡಿ ಸೀರೆ ಎಂದರೆ ಪ್ರಾಣ. ಎರಡು ತಿಂಗಳ ಹಿಂದೆ ಅತ್ತೆಗೆ ಲಕ್ವ ಹೊಡೆದಿತ್ತು. ಕೈಕಾಲು ಸುಧಾರಿಸಿದವು, ಮಾತೂ ನಿಧಾನಕ್ಕೆ ಮರಳಿತು. ಓದು ಮಾತ್ರ ಬರಲಿಲ್ಲ. ದಿನಾ ಬೆಳಿಗ್ಗೆ ಹಾಡು ಬರೆದ ವಹಿ ತೆಗೆದು ಒಂದು ಹಾಡು ಓದದೆ ಕಾಫಿ ಮುಟ್ಟದ ಹೆಂಗಸು ಈಗ ಗೋಡೆ ನೋಡುತ್ತ ಕೂತಿರುತ್ತಾಳೆ ಎಂದು ಅವಳ ಮಗ ರಾಘು ಫೋನಿನಲ್ಲಿ ಅತ್ತುಬಿಟ್ಟ.

“ತೆಲುಗು ಪೇಪರ್ ಕೊಟ್ರ ದೂಡ್ತಾಳಕ್ಕಾ. ನೀ ಕನ್ನಡ ಪುಸ್ತಕ ತಾ, ದೊಡ್ಡ ಅಕ್ಷರದ್ದು. ಕನ್ನಡಾದ್ರೂ ಉಳದದ ಏನು ನೋಡೂಣು.”

ಮೂವತ್ತು ವರ್ಷ ಸಾಲ್ಯಾಗ ಕನ್ನಡ ಕಲಿಸಿದವಳು ನಾನು. ಅತ್ತೆಯನ್ನು ಓದಿಸದೆ ಬಿಟ್ಟೇನೇ ಎಂಬ ಜಂಬದಲ್ಲೇ ಚೀಲದಲ್ಲಿ ಪುಸ್ತಕ ತುಂಬಿಕೊಂಡೆ.

ಮಕ್ತಲ್ ಬಸ್ ಸ್ಟ್ಯಾಂಡಿನಲ್ಲಿ ಬಿಸಿಲು ರಣರಣ. ಮಿರ್ಚಿ ಭಜಿ ತಿಂದು ಮುಗಿಸುವಷ್ಟರಲ್ಲಿ ನಾರಾಯಣಪೇಟೆಯ ಬಸ್ಸು ಬಂತು, ಓಡಿ ಹತ್ತಿದೆ. ಕಂಡಕ್ಟರಮ್ಮ ನನ್ನ ಆಧಾರ್ ಕಾರ್ಡ್ ನೋಡಿ, “ನೀವು ಕರ್ನಾಟಕದವ್ರು, ಟಿಕೆಟ್ ತಗೋಬೇಕ್ರಿ” ಎಂದಳು. ಗಡಿ ದಾಟಿದರೆ ಹೆಂಗಸಿಗೂ ಪುಕ್ಕಟೆಯಿಲ್ಲ. ಪಕ್ಕದಲ್ಲಿ ಕೋಸಗಿಯ ಯಜಮಾನರೊಬ್ಬರು ಕೂತಿದ್ದರು.

“ತೆಲುಗು ಓದಾಕ ಬರ್ತೈತೇನ್ರೀ ಅಮ್ಮಾ?”

“ಒಂದಕ್ಷರ ಬರೂದಿಲ್ರಿ.”

“ಮತ್ತ ಬೋರ್ಡ್ ಓದೇ ಹತ್ತಿದ್ರೆಲ್ರಿ!”

ಹೌದಲ್ಲ! ಬಸ್ಸಿನ ಬೋರ್ಡಿನಲ್ಲಿ ಇದ್ದದ್ದು ಬರೀ ತೆಲುಗು. ನಾನು ಓದಿದ್ದೆ, ಓದಿದ್ದು ನನಗೇ ತಿಳಿದಿರಲಿಲ್ಲ. ಆ ಅಕ್ಷರಗಳು ನಮ್ಮವಕ್ಕೆ ಅಕ್ಕತಂಗಿಯರು; ಊರ ಹೆಸರೂ ಗೊತ್ತಿದ್ದದ್ದು, ಕಣ್ಣಿಗೆ ಬಿದ್ದೊಡನೆ ಹೊಳೆದಿತ್ತು. ಉಮೇದು ಬಂದು ಕಿಟಕಿಯಾಚೆ ಗೋಡೆಯ ಮೇಲಿನ ಹತ್ತಿಬೀಜದ ಜಾಹೀರಾತು ಓದಲು ಹೊರಟೆ. ಅಕ್ಷರ ಕೂಡಿಸಿ ಕೂಡಿಸಿ ಬಾಯಲ್ಲಿ ಹೇಳಿದೆ. ಅರ್ಥ ಮಾತ್ರ ಸುಡುಗಾಡು ಒಂದೂ ಆಗಲಿಲ್ಲ.

“ಬಾಯಿಗೆ ಬಂತು, ತಲಿಗೆ ಹೋಗಲಿಲ್ಲ” ಎಂದು ಯಜಮಾನರು ನಕ್ಕರು.

ನಾರಾಯಣಪೇಟೆಯಲ್ಲಿ ಸೀರೆ ಅಂಗಡಿಯವರು ನನ್ನನ್ನೇ ಗೇಲಿ ಮಾಡಿದರು: “ಗದ್ವಾಲಿಗೆ ಸೀರಿ ಒಯ್ತೀರೇನ್ರಿ? ಅಲ್ಲಿ ಅವರ ಮಗ್ಗ ಸುಮ್ಮನ ಕುಂತಾವೇನು?” ಹಸಿರು ಚೌಕಡಿ, ಕೆಂಪು ಅಂಚಿನದನ್ನು ಆರಿಸಿ ಚೀಲದ ತಳಕ್ಕೆ ಹಾಕಿದೆ. ಮತ್ತೆ ಮಕ್ತಲ್‌ಗೆ ಬಂದು ಬಸ್ಸು ಬದಲಿಸಿದೆ. ಜೂರಾಲ ಅಣೆಕಟ್ಟಿನ ಮೇಲೆ ಕೃಷ್ಣೆ ದಾಟುವಾಗ ಮೀನು ಹುರಿಯುವ ವಾಸನೆ ಬಸ್ಸೆಲ್ಲ ತುಂಬಿತು. ಗದ್ವಾಲ್ ಮುಟ್ಟಿದಾಗ ಸಂಜೆ ಐದು.

ಅತ್ತೆ ನನ್ನ ಕೈ ಹಿಡಿದು, “ಬಂದ್ಯಾ” ಎಂದಳು. ಪುಸ್ತಕ ಬಿಡಿಸಿ ಕೊಟ್ಟೆ. ನೋಡಿದಳು, ಹಾಳೆ ತಿರುವಿದಳು, ಮುಚ್ಚಿದಳು. “ಬರವಲ್ದು.” ನಾನು ಬಿಡಲಿಲ್ಲ. ಒಂದನೇ ಇಯತ್ತೆಯ ಮಕ್ಕಳಿಗೆ ಹೇಳಿದಂತೆ ಬೆರಳಿಟ್ಟು ತೋರಿಸಿದೆ, ದನಿ ಏರಿಸಿದೆ. ಅತ್ತೆ ಮುಖ ಗೋಡೆಗೆ ತಿರುಗಿಸಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಥೂ ನನ್ನ, ಇದಕ್ಕೇನಾ ಇಷ್ಟು ದೂರ ಬಂದೆ ಎಂದು ನಾಚಿಕೆಯಾಯಿತು.

“ಅತ್ತಿ ದಿನಾ ಓದ್ತಿದ್ದ ವಹಿ ಎಲ್ಲೆದೋ ರಾಘು?”

“ನೋಡಿದ್ರ ಅಳ್ತಾಳಂತ ಅಟ್ಟದ ಮ್ಯಾಲ ಇಟ್ಟೀನಿ. ದೇವರ ಮನಿ ವಹಿ, ನಾ ಬಿಚ್ಚೇ ನೋಡಿಲ್ಲ.”

ಬಟ್ಟೆಯಲ್ಲಿ ಸುತ್ತಿದ ವಹಿ ಇಳಿಸಿದ. ತೆರೆದು ದಂಗಾದೆ. ಎಲ್ಲ ತೆಲುಗು ಅಕ್ಷರ! ಬಸ್ಸಿನಲ್ಲಿ ಮಾಡಿದಂತೆ ಒಂದೊಂದೇ ಅಕ್ಷರ ಕೂಡಿಸಿದೆ. ಈ ಸಲ ತಲೆಗೂ ಹೋಯಿತು. ಮಾತೆಲ್ಲ ನಮ್ಮ ಮನೆಯ ಕನ್ನಡ. ಆಗ ನೆನಪಾಯಿತು, ಅತ್ತೆ ಓದಿದ್ದು ಮಕ್ತಲ್‌ನ ತೆಲುಗು ಸಾಲೆಯಲ್ಲಿ; ನಮ್ಮಜ್ಜಿ ಹೇಳಿಕೊಟ್ಟ ಕನ್ನಡ ಹಾಡುಗಳನ್ನು ತನಗೆ ಬರುವ ಅಕ್ಷರದಲ್ಲಿ ಬರೆದುಕೊಂಡಿದ್ದಾಳೆ. ಕನ್ನಡ ಅಕ್ಷರ ಅವಳು ಕಲಿತೇ ಇಲ್ಲ! ತೆಲುಗು ಪೇಪರ್ ದೂಡಿದ್ದು ಅಕ್ಷರ ಬಾರದ್ದಕ್ಕಲ್ಲ, ಆ ಮಾತು ಈಗ ತಲೆಗೆ ಹೋಗದ್ದಕ್ಕಿರಬೇಕು. ಕಿವಿಗೆ ಬಿದ್ದದ್ದು ಕನ್ನಡ, ಅದಕ್ಕೇ ಅವಳು ಓದುವುದೂ ಕನ್ನಡ ಅಕ್ಷರ ಎಂದು ಮಗನೂ ತಿಳಿದ, ಮೂವತ್ತು ವರ್ಷ ಕಲಿಸಿದ ನಾನೂ ತಿಳಿದೆ.

ವಹಿ ಅತ್ತೆಯ ತೊಡೆಯ ಮೇಲಿಟ್ಟೆ. ಬೆರಳು ಸಾಲಿನ ಮೇಲೆ ಸರಿಯಿತು. ತುಟಿ ಅಲುಗಿತು. ಒಂದು ಸಾಲು ಪೂರ್ತಿ ಹೊರಬಂತು.

ರಾಘುವಿನ ಮುಖ ಅರಳಿ ಮತ್ತೆ ಬಾಡಿತು. “ಬಾಯಿಪಾಠ ಇರಬೇಕಕ್ಕಾ. ಓದಿದ್ದಲ್ಲ.”

ಇದ್ದರೂ ಇರಬಹುದು. ವಹಿಯ ಕೊನೆಯ ಖಾಲಿ ಹಾಳೆ ತೆಗೆದು, ಅತ್ತೆಯ ಬರವಣಿಗೆಯಲ್ಲೇ ಅಕ್ಷರ ಹುಡುಕಿ ಹುಡುಕಿ, ಸೊಟ್ಟಸೊಟ್ಟಗೆ ತೆಲುಗು ಅಕ್ಷರದಲ್ಲಿ ಬರೆದೆ: ಅತ್ತಿ, ಸೀರಿ ತಂದೀನಿ. ಚೀಲ ಇನ್ನೂ ಬಿಚ್ಚಿರಲಿಲ್ಲ, ಸೀರೆಯ ಸುದ್ದಿ ಯಾರಿಗೂ ಹೇಳಿರಲಿಲ್ಲ.

ಅತ್ತೆ ನೋಡಿದಳು. ಬೆರಳು ಮೂರು ಸಲ ಹಿಂದೆ ಮುಂದೆ ಹೋಯಿತು. ಆಮೇಲೆ ಅತ್ತೆ ತಲೆಯೆತ್ತಿ ನನ್ನ ಚೀಲದ ಕಡೆ ನೋಡಿದಳು.

“ಎಲ್ಲಿ ಅದ? ತೋರ್ಸು.”

ರಾಘು ಬಗ್ಗಿ ಹಾಳೆ ನೋಡಿದ, ಅವ್ವನ ಮುಖ ನೋಡಿದ. ನಾನು ಸೀರೆ ತೆಗೆಯುತ್ತ ನಗುತ್ತಿದ್ದೆನೋ ಅಳುತ್ತಿದ್ದೆನೋ ಗೊತ್ತಿಲ್ಲ.

ಮರುದಿನ ಬೆಳಿಗ್ಗೆ ಕೆ.ಟಿ. ದೊಡ್ಡಿ ದಾರಿಯ ಬಸ್ಸಿಗೆ ಹೊರಟೆ. ಆಟೋದಿಂದ ತಿರುಗಿ ನೋಡಿದರೆ ಪಡಸಾಲೆಯಲ್ಲಿ ಹಸಿರು ಸೀರೆಯುಟ್ಟ ಅತ್ತೆ, ತೊಡೆಯ ಮೇಲೆ ವಹಿ. “ಅವ್ವಾ, ಕಾಫಿ ಆರ್ತದ” ಎಂದು ರಾಘು ಕೂಗುತ್ತಿದ್ದ. ಅತ್ತೆ ವಹಿಯಿಂದ ಕಣ್ಣೆತ್ತದೆ, ತಡಿ ಎಂದು ಕೈ ಮಾಡಿದಳು.